ಮುಂದೂಡಿದ ನಿಯಮ

ಕಲಬುರಗಿಯಿಂದ ಕಮಲಾಪುರ ಹಾಯ್ದು ಬೀದರಿಗೆ ಸಾಗುವ ಹಾದಿಯ ಎರಡು ತುದಿಗಳಲ್ಲೂ ಮೆಥೊಡಿಸ್ಟ್ ಚರ್ಚುಗಳಿವೆ. ಈ ಪಂಥದ ಪ್ರವರ್ತಕ ಜಾನ್ ವೆಸ್ಲಿಯವರು 1774ರಲ್ಲಿಯೇ ಗುಲಾಮಗಿರಿಯನ್ನು ಖಂಡಿಸಿ ಬರೆದಿದ್ದರು. 1784ರಲ್ಲಿ ಅಮೆರಿಕದ ಮೆಥೊಡಿಸ್ಟ್ ಸಭೆಯು, ಸದಸ್ಯರು ತಮ್ಮ ಗುಲಾಮರನ್ನು ಬಿಡುಗಡೆ ಮಾಡತಕ್ಕದ್ದೆಂದು ವಿಧಿಸಿತು. ಒಡೆಯರ ವಿರೋಧವೆದ್ದಿತು, ಮರುವರ್ಷವೇ ಆ ನಿಯಮವನ್ನು ತಡೆಹಿಡಿಯಲಾಯಿತು. ಮುಂದೂಡಿದ್ದು ಕ್ರಮೇಣ ರೂಢಿಯಾಯಿತು. 1844ರ ಹೊತ್ತಿಗೆ ಬಿಷಪ್ ಜೇಮ್ಸ್ ಆಂಡ್ರೂ ಅವರೇ ಗುಲಾಮರ ಒಡೆಯರಾಗಿದ್ದರು. ಆ ವಿವಾದದಿಂದ ಸಭೆ ಇಬ್ಭಾಗವಾಯಿತು. ಮತ್ತೆ ಒಂದಾದದ್ದು 1939ರಲ್ಲಿ.

ಇದು ಅನ್ಯರ ದೋಷವನ್ನೆಣಿಸಲು ಹೇಳಿದ ಮಾತಲ್ಲ. ಸಂಘ ಬೆಳೆದಂತೆಲ್ಲ, ಉಳ್ಳವರ ಮುಖ ನೋಡಿ ವ್ರತವನ್ನು ಸಡಿಲಿಸುವ ಪ್ರಸಂಗ ಎಲ್ಲ ಧರ್ಮಗಳಿಗೂ ಒದಗುತ್ತದೆ. ಅಪರಿಗ್ರಹವನ್ನು ಬೋಧಿಸುವ ನಮ್ಮ ಬಸದಿಗಳ ಆಡಳಿತ ಮಂಡಳಿಗಳೂ ತಾವು ಮುಂದೂಡಿದ ನಿಯಮಗಳನ್ನು ಆಗಾಗ ತೆಗೆದು ನೋಡುವುದು ಕ್ಷೇಮ.