ಮರೆವಿನ ಮೇಲೆ ನಿಂತ ವಾಗ್ದಾನ



ಇತಿಹಾಸದ ತರಗತಿಯಲ್ಲಿ ಸಾಮ್ರಾಜ್ಯಗಳ ಏಳುಬೀಳನ್ನು ವಿವರಿಸುವಾಗ ಆಕಳಿಸುತ್ತಿದ್ದ ಹಿಂದಿನ ಬೆಂಚಿನವರು, ಸಂತೆಯ ಬೆಲೆಯ ಮಾತು ಬಂದೊಡನೆ ಕಿವಿ ನಿಮಿರಿಸುತ್ತಿದ್ದುದು ನನಗಿನ್ನೂ ನೆನಪಿದೆ. ಇಂದು ಅಂಥದೇ ಒಂದು ಬೆಲೆಯ ಕಥೆ ಹೇಳುತ್ತೇನೆ. ಅಮೆರಿಕದ ಕ್ರೆಡಿಟ್ ಕಾರ್ಡುಗಳೊಡನೆ ಕೆಲಕಾಲ ಬಾಳಿ, ನಮ್ಮ ಕಣ್ಣೆದುರಿಗೇ ಬಹುಮಟ್ಟಿಗೆ ಮರೆಯಾದ 'ಪ್ರೈಸ್ ಪ್ರೊಟೆಕ್ಷನ್', ಅಂದರೆ ಬೆಲೆ ರಕ್ಷಣಾ ವಿಮೆಯ ಕಥೆ.

2017ರಲ್ಲಿ, ನಾನು ನಿವೃತ್ತನಾದ ವರ್ಷ, ನಾವು ದಂಪತಿಗಳು ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಬಹುದಿನದ ಆಸೆಯಂತೆ ಒಂದು ಕ್ಯಾಮೆರಾ ಕೊಂಡೆ. ಬೆಲೆ 420 ಡಾಲರ್. ಹಣ ಸಂದಾಯವಾದದ್ದು ಮಗಳ ಕಾರ್ಡಿನಿಂದ. ಮೂರು ವಾರ ಕಳೆಯುವಷ್ಟರಲ್ಲಿ ಅದೇ ಕ್ಯಾಮೆರಾ 340 ಡಾಲರಿಗೆ ಮಾರಾಟಕ್ಕಿರುವ ಜಾಹೀರಾತು ಭಾನುವಾರದ ಪತ್ರಿಕೆಯಲ್ಲಿ ಕಾಣಿಸಿತು. ನಾನು ಹಣೆ ಚಚ್ಚಿಕೊಂಡೆ. ಮಗಳು ಮಾತ್ರ ನಕ್ಕಳು. "ಅಪ್ಪಾ, ಈ ಕಾರ್ಡಿಗೆ ಬೆಲೆ ರಕ್ಷಣೆ ಇದೆ. ವ್ಯತ್ಯಾಸದ ಹಣ ವಾಪಸ್ ಬರುತ್ತೆ. ಬಿಲ್ಲು ಎಲ್ಲಿಟ್ಟಿದ್ದೀರಿ?" ಎಂದಳು.

ಬಿಲ್ಲನ್ನು ನಾನು ಓದುತ್ತಿದ್ದ ಗ್ರಂಥಾಲಯದ ಪುಸ್ತಕದಲ್ಲಿ ಗುರುತಿಗಾಗಿ ಇಟ್ಟಿದ್ದೆ. ಪುಸ್ತಕವನ್ನು ಹಿಂದಿರುಗಿಸಿ ವಾರವಾಗಿತ್ತು! ಅಂಗಡಿಗೆ ಹೋಗಿ ನಕಲು ಪಡೆಯೋಣವೆಂದುಕೊಂಡೆವು. ಮಗಳ ಕೆಲಸ, ಮೊಮ್ಮಗುವಿನ ಜ್ವರ, ಇಂದು ನಾಳೆ ಎನ್ನುವಷ್ಟರಲ್ಲಿ ಅವಧಿ ಮೀರಿತು. ಎಂಬತ್ತು ಡಾಲರ್ ಹೋಯಿತು. ತಪ್ಪು ಯಾರದೂ ಅಲ್ಲ, ನನ್ನದೇ.

ಈ ವಿಮೆಯ ಕ್ರಮ ಹೀಗಿತ್ತು. ಕಾರ್ಡಿನಿಂದ ಕೊಂಡ ವಸ್ತುವಿನ ಬೆಲೆ ನಿಗದಿತ ದಿನಗಳೊಳಗೆ ಇಳಿದರೆ ವ್ಯತ್ಯಾಸವನ್ನು ಗ್ರಾಹಕನಿಗೆ ತುಂಬಿಕೊಡಲಾಗುತ್ತಿತ್ತು. ಚೇಸ್ ಬ್ಯಾಂಕಿನ ಹಲವು ಕಾರ್ಡುಗಳಲ್ಲಿ ಅವಧಿ 90 ದಿನ. ಒಂದು ವಸ್ತುವಿಗೆ 500 ಡಾಲರ್, ವರ್ಷಕ್ಕೆ 2,500 ಡಾಲರ್ ಮಿತಿ. ಸಿಟಿ ಬ್ಯಾಂಕಿನಲ್ಲಿ 60 ದಿನ. ಆದರೆ ವಸ್ತು ಅದೇ ತಯಾರಕರದ್ದು, ಅದೇ ಮಾದರಿಯದ್ದು ಆಗಿರಬೇಕು. ಬಿಲ್ಲು, ಕಾರ್ಡಿನ ಲೆಕ್ಕಪಟ್ಟಿ, ದಿನಾಂಕವುಳ್ಳ ಜಾಹೀರಾತು, ಇವೆಲ್ಲವನ್ನೂ ಒದಗಿಸಬೇಕು. ಆಭರಣ, ವಾಹನ, ಟಿಕೆಟ್, ಬೇಗ ಕೆಡುವ ಪದಾರ್ಥ, ಹರಾಜಿನ ಬೆಲೆ ಮುಂತಾದವು ಸಾಮಾನ್ಯವಾಗಿ ಇದರ ಹೊರಗೆ. ಗ್ರಾಹಕ ಇದಕ್ಕೆಂದು ಪ್ರತ್ಯೇಕವಾಗಿ ಕಂತು ಕಟ್ಟಬೇಕಿರಲಿಲ್ಲ. ಕಾರ್ಡಿನೊಡನೆ ಬರುವ ಸೌಲಭ್ಯವದು.

ಇದರ ಬೇರು ಹುಡುಕಿದರೆ ಬಲು ಹಿಂದಕ್ಕೆ ಹೋಗಬೇಕಾಗುತ್ತದೆ. ಒಂದು ವಸ್ತುವಿಗೆ ಎಲ್ಲರಿಗೂ ಒಂದೇ ಬೆಲೆ ಎಂಬುದೇ ಒಂದು ಕಾಲಕ್ಕೆ ಹೊಸ ಮಾತು. ಚೌಕಾಸಿಯಲ್ಲಿ ಸುಳ್ಳು ಬೆರೆಯುತ್ತದೆಂದು ಇಂಗ್ಲೆಂಡಿನ ಕ್ವೇಕರ್ ಪಂಥದ ವರ್ತಕರು ನಿಗದಿತ ಬೆಲೆಯನ್ನೇ ಹೇಳುತ್ತಿದ್ದರು. 1861ರಲ್ಲಿ ಫಿಲಡೆಲ್ಫಿಯಾದಲ್ಲಿ ಬಟ್ಟೆ ಅಂಗಡಿ ತೆರೆದ ಜಾನ್ ವಾನಮೇಕರ್ ಮುಂದೆ ಬೆಲೆಚೀಟಿಯ ಪದ್ಧತಿಯನ್ನು ಅಮೆರಿಕದಲ್ಲಿ ಜನಪ್ರಿಯಗೊಳಿಸಿದ. 1925ರಲ್ಲಿ ಬ್ರಿಟನ್ನಿನ ಜಾನ್ ಲೂಯಿಸ್ ಸಂಸ್ಥೆ, ತನಗಿಂತ ಕಡಿಮೆ ಬೆಲೆಗೆ ಬೇರೆಯವರು ಮಾರುವುದು ತಿಳಿದೂ ತಾನು ಸುಮ್ಮನಿರುವುದಿಲ್ಲವೆಂದು ಮಾತು ಕೊಟ್ಟಿತು. 2022ರಲ್ಲಿ ಆ ಮಾತನ್ನು ಕೈಬಿಟ್ಟು, 2024ರಲ್ಲಿ ಮತ್ತೆ ತಂದಿತು.

ಅಂಗಡಿಯವನು ಕೊಡುತ್ತಿದ್ದ ಇಂಥ ಮಾತನ್ನೇ ಮುಂದೆ ಕಾರ್ಡಿನವರೂ ಕೊಡತೊಡಗಿದರು. 1950ರಲ್ಲಿ ಡೈನರ್ಸ್ ಕ್ಲಬ್ ಕಾರ್ಡ್ ಬಂದಿತು. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಪಟ್ಟಣದಲ್ಲಿ ಸುಮಾರು 60,000 ಕಾರ್ಡುಗಳನ್ನು ಕೇಳದೆಯೇ ಅಂಚೆಯಲ್ಲಿ ಕಳುಹಿಸಿತು. ಮುಂದೆ 'ವೀಸಾ' ಎಂದು ಹೆಸರಾದುದು ಅದೇ. ಕಾರ್ಡುಗಳ ಸಂಖ್ಯೆ ಹೆಚ್ಚಿದಂತೆ ಸಾಲ ಕೊಡುವುದರಲ್ಲಿ ವಿಶೇಷವೇನೂ ಉಳಿಯಲಿಲ್ಲ. ಆಗ ಗ್ರಾಹಕರನ್ನು ಸೆಳೆಯಲು ಪ್ರಯಾಣ ವಿಮೆ, ಹೆಚ್ಚುವರಿ ವಾರಂಟಿಗಳಂತೆ ಬೆಲೆ ರಕ್ಷಣೆಯೂ ಸೌಲಭ್ಯಗಳ ಪಟ್ಟಿಯನ್ನು ಸೇರಿತು.

ಇಷ್ಟು ಉದಾರವಾದ ಮಾತು ನಡೆದುಕೊಂಡು ಬಂದದ್ದು ಹೇಗೆ? ಬಹುಮಂದಿ ಕೇಳುತ್ತಲೇ ಇರಲಿಲ್ಲ! ಕೊಂಡ ಮೇಲೆ ಮತ್ತೆ ಬೆಲೆ ನೋಡುವವರು ಕಡಿಮೆ. ನೋಡಿದರೂ ಬಿಲ್ಲು ಸಿಗುವುದಿಲ್ಲ. ಸಿಕ್ಕರೂ ಅರ್ಜಿ ತುಂಬುವಷ್ಟು ಪುರುಸೊತ್ತಿಲ್ಲ. ನನ್ನಂಥವರ ಮರೆವೇ ಆ ವಿಮೆಯ ಅಡಿಗಲ್ಲು.

ಆ ಅಡಿಗಲ್ಲನ್ನು ಅಲುಗಿಸಿದ್ದು ಕಂಪ್ಯೂಟರ್. ಸಿಟಿ ಬ್ಯಾಂಕಿನ 'ಪ್ರೈಸ್ ರಿವೈಂಡ್' ಎಂಬ ವ್ಯವಸ್ಥೆ, ಗ್ರಾಹಕ ನೋಂದಾಯಿಸಿದ ವಸ್ತುವಿನ ಬೆಲೆಯನ್ನು ತಾನೇ ಹುಡುಕುತ್ತಿತ್ತು. ಬಳಿಕ ಬಂದ 'ಅರ್ನಿ'ಯಂತಹ ತಂತ್ರಾಂಶಗಳು ಮಿಂಚಂಚೆಯಲ್ಲಿನ ರಸೀದಿಗಳನ್ನು ಓದಿ, ಬೆಲೆ ಇಳಿದೊಡನೆ ಗ್ರಾಹಕನ ಪರವಾಗಿ ತಾವೇ ಅರ್ಜಿ ಹಾಕತೊಡಗಿದವು. ಬಂದ ಹಣದಲ್ಲಿ ಒಂದು ಪಾಲು ಅವಕ್ಕೆ. ಯಂತ್ರಕ್ಕೆ ಮರೆವಿಲ್ಲ, ಆಲಸ್ಯವಿಲ್ಲ, ಸಂಕೋಚವಂತೂ ಇಲ್ಲವೇ ಇಲ್ಲ.

ಪರಿಣಾಮಕ್ಕೆ ಬಹಳ ಕಾಯಬೇಕಾಗಲಿಲ್ಲ. 2018ರಲ್ಲಿ ಚೇಸ್ ಮತ್ತು ಡಿಸ್ಕವರ್ ಈ ಸೌಲಭ್ಯವನ್ನು ನಿಲ್ಲಿಸಿದವು. ಸಿಟಿ ಅದೇ ವರ್ಷ ವಸ್ತುವೊಂದರ ಮಿತಿಯನ್ನು 500ರಿಂದ 200 ಡಾಲರಿಗೆ ಇಳಿಸಿ, 2019ರ ಸೆಪ್ಟೆಂಬರಿನಲ್ಲಿ ಪೂರ್ತಿ ಕೈಬಿಟ್ಟಿತು. ಬಳಸುವವರು ಕಡಿಮೆ ಎಂಬುದು ಡಿಸ್ಕವರ್ ಕೊಟ್ಟ ಕಾರಣ. ತಂತ್ರಾಂಶಗಳಿಂದ ಅರ್ಜಿಗಳು ಹೆಚ್ಚಿದ್ದೇ ಕಾರಣವೆಂದು ಈ ಉದ್ಯಮವನ್ನು ಬಲ್ಲ ಹಲವರು ಬರೆದರು. ನನಗೆ ಎರಡನೆಯದೇ ಹೆಚ್ಚು ಸಹಜವೆನಿಸುತ್ತದೆ.

ಇದನ್ನು ಓದಿದಾಗ ನನಗೆ ಬ್ಯಾಂಕುಗಳ ಮೇಲೆ ಕೋಪ ಬರಲಿಲ್ಲ. ನಮ್ಮ ಶಾಲೆಯೇ ನೆನಪಾಯಿತು. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು, ಎಂಟನೆಯ ತರಗತಿಗೆ ಸೇರುವಾಗ ನೀವು ಪುಸ್ತಕ ಭಂಡಾರಕ್ಕೆಂದು ಕಟ್ಟುತ್ತಿದ್ದ ಠೇವಣಿ. ಹತ್ತನೆಯ ತರಗತಿ ಮುಗಿಸಿ ಹೋಗುವಾಗ ಅದನ್ನು ಕೇಳಿ ಪಡೆಯುತ್ತಿದ್ದವರು ವಿರಳ. ಉಳಿದ ಹಣದಲ್ಲಿ ಸೀಮೆಸುಣ್ಣ, ನಕ್ಷೆಗಳು ಬರುತ್ತಿದ್ದವು. ಒಂದು ವರ್ಷ ನಾನು ತರಗತಿಯಲ್ಲಿ ಆ ಪಟ್ಟಿಯನ್ನು ಓದಿ ಹೇಳಿದೆ. ಮರುದಿನ ಕಛೇರಿಯ ಮುಂದೆ ಸಾಲು ನಿಂತಿತು! ಕೊಡಲು ಅಷ್ಟು ಹಣ ಪೆಟ್ಟಿಗೆಯಲ್ಲಿರಲಿಲ್ಲ. ಮುಂದಿನ ವರ್ಷಗಳಲ್ಲಿ ನಾನು ಪಟ್ಟಿ ಓದಲಿಲ್ಲ. ಯಾರೂ ತಡೆದಿರಲಿಲ್ಲ, ಸುಮ್ಮನಿರುವುದೇ ಲೇಸೆಂದು ನಾನೇ ತೀರ್ಮಾನಿಸಿದ್ದೆ. ನಿಮ್ಮಲ್ಲಿ ಎಷ್ಟೋ ಮನೆಗಳಿಗೆ ಆ ಸಣ್ಣ ಮೊತ್ತವೂ ಸಣ್ಣದಾಗಿರಲಿಲ್ಲವೆಂಬುದನ್ನು ಬಲ್ಲವನೇ ನಾನು. ಇಷ್ಟು ವರ್ಷಗಳ ಮೇಲೆ ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

ಎಲ್ಲರೂ ಒಟ್ಟಿಗೆ ಬಂದು ಕೇಳಿದರೂ ಈಡೇರಿಸಲಾಗುವ ಮಾತು ಮಾತ್ರವೇ ವಾಗ್ದಾನ. ವಿದೇಶದಲ್ಲಿರುವ ನೀವು ನಿಮ್ಮ ಕಾರ್ಡಿನೊಡನೆ ಬಂದ ಪುಸ್ತಿಕೆಯನ್ನೊಮ್ಮೆ ಓದಿ ನೋಡಿ. ಕೆಲವು ಕಾರ್ಡುಗಳಲ್ಲಿ ಈ ರಕ್ಷಣೆ ಇನ್ನೂ ಉಳಿದಿರಬಹುದು. ಬಿಲ್ಲನ್ನು ಮಾತ್ರ ಗ್ರಂಥಾಲಯದ ಪುಸ್ತಕದಲ್ಲಿ ಇಡಬೇಡಿ.