ಗುಡ್ಡಗಾಡು ಓಟ: ಸೀಸನ್ ಮುಗಿದ ಮೇಲೆ ಹೈಸ್ಕೂಲ್ ಮಕ್ಕಳ ಚಳಿಗಾಲದ ತಯಾರಿ ಹೇಗಿರಬೇಕು? ಇಲ್ಲಿದೆ ಮಾಹಿತಿ

ಸಕಲೇಶಪುರ: ಹೋಬಳಿ, ತಾಲ್ಲೂಕು, ಜಿಲ್ಲೆ ಅಂತ ಮಳೆಗಾಲದಲ್ಲಿ ಶುರುವಾಗುವ ಶಾಲಾ ಕ್ರೀಡಾಕೂಟಗಳು ದೀಪಾವಳಿ ಹೊತ್ತಿಗೆ ಬಹುತೇಕ ಮುಗಿದಿರುತ್ತವೆ. ಮೈಸೂರು ವಿಭಾಗ ಮಟ್ಟ, ರಾಜ್ಯ ಮಟ್ಟಕ್ಕೆ ಹೋದ ಬೆರಳೆಣಿಕೆಯ ಮಕ್ಕಳನ್ನು ಬಿಟ್ಟರೆ ಉಳಿದವರ ಶೂ ಅಟ್ಟ ಸೇರುತ್ತೆ. ಮತ್ತೆ ಓಟ ನೆನಪಾಗೋದು ಮುಂದಿನ ವರ್ಷ ಪಿಇ ಮೇಷ್ಟ್ರು ‘ಆಯ್ಕೆ ಇದೆ, ಬನ್ರೋ’ ಅಂದಾಗಲೇ. ಏಳೆಂಟು ತಿಂಗಳು ಸುಮ್ಮನಿದ್ದು ಎರಡೇ ವಾರದಲ್ಲಿ ರೆಡಿ ಆಗಲು ಹೋಗಿ, ಕಾಲಿನ ಎಲುಬು ನೋವು ಮಾಡಿಕೊಂಡು ಕೂರುವ ಮಕ್ಕಳು ಪ್ರತಿ ವರ್ಷ ಇದ್ದೇ ಇರುತ್ತಾರೆ.

ದೂರದ ಓಟಕ್ಕೆ ಬೇಕಾದ ದಮ್ಮು ತಯಾರಾಗೋದು ಸ್ಪರ್ಧೆಯ ತಿಂಗಳಲ್ಲಿ ಅಲ್ಲ, ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಈ ಮೂರು ತಿಂಗಳಲ್ಲಿ. ಸಕಲೇಶಪುರ, ಆಲೂರು, ಬೇಲೂರು ಭಾಗದಲ್ಲಿ ಏರು, ಇಳಿಜಾರು, ತೋಟದ ಮಣ್ಣಿನ ರಸ್ತೆ, ತಣ್ಣನೆ ಹವಾ ಎಲ್ಲವೂ ಪುಕ್ಕಟೆ ಇದೆ. ಜೊತೆಗೆ ಕಾಡಾನೆಯೂ ಇದೆ, ಕಾಫಿ ಕೊಯ್ಲೂ ಇದೆ, ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಇದೆ. ಇವನ್ನೆಲ್ಲ ಲೆಕ್ಕಕ್ಕೆ ಇಟ್ಟುಕೊಂಡು ತಯಾರಿ ಹೇಗೆ ಮಾಡಬಹುದು ಅನ್ನೋದರ ವಿವರ ಇಲ್ಲಿದೆ.

ಏನಿದು ಗುಡ್ಡಗಾಡು ಓಟ?

ಇಂಗ್ಲಿಷ್‌ನಲ್ಲಿ ಕ್ರಾಸ್ ಕಂಟ್ರಿ ಅನ್ನೋದನ್ನೇ ನಮ್ಮಲ್ಲಿ ಗುಡ್ಡಗಾಡು ಓಟ ಅಂತಾರೆ. ಇದಕ್ಕೆ ಟ್ರ್ಯಾಕ್ ಇಲ್ಲ. ಹುಲ್ಲು, ಮಣ್ಣು, ದಿಬ್ಬ, ಕೆಲವೊಮ್ಮೆ ಕೆಸರು. ಇಂಗ್ಲೆಂಡಿನ ಶಾಲೆಗಳಲ್ಲಿ ಹುಟ್ಟಿದ ಈ ಓಟ 1912, 1920 ಮತ್ತು 1924ರ ಒಲಿಂಪಿಕ್ಸ್‌ನಲ್ಲೂ ಇತ್ತು. 1924ರಲ್ಲಿ ಪ್ಯಾರಿಸ್‌ನ ಸುಡುಬಿಸಿಲಿಗೆ 38 ಜನರಲ್ಲಿ 15 ಮಂದಿ ಮಾತ್ರ ಗುರಿ ಮುಟ್ಟಿದರು, ಗೆದ್ದವರು ಫಿನ್‌ಲೆಂಡಿನ ಪಾವೋ ನುರ್ಮಿ. ಆಮೇಲೆ ಒಲಿಂಪಿಕ್ಸ್‌ನಿಂದ ಇದನ್ನು ಕೈಬಿಟ್ಟರು. ವಿಶ್ವ ಚಾಂಪಿಯನ್‌ಶಿಪ್ ಮಾತ್ರ 1973ರಿಂದ ನಡೆದುಕೊಂಡು ಬಂದಿದೆ.

ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ 16 ವರ್ಷದೊಳಗಿನ ಹುಡುಗ ಹುಡುಗಿಯರಿಗೆ 2 ಕಿ.ಮೀ., 18 ವರ್ಷದೊಳಗಿನ ಹುಡುಗರಿಗೆ 6 ಕಿ.ಮೀ., ಹುಡುಗಿಯರಿಗೆ 4 ಕಿ.ಮೀ. ಇದೆ. ಇದು ಸಾಮಾನ್ಯವಾಗಿ ಜನವರಿ, ಫೆಬ್ರವರಿ ಹೊತ್ತಿಗೆ ನಡೆಯುತ್ತೆ. ಅಂದರೆ ಶಾಲಾ ಕೂಟ ಮುಗಿದ ಮಾತ್ರಕ್ಕೆ ಎಲ್ಲ ಬಾಗಿಲೂ ಮುಚ್ಚಿತು ಅಂತಲ್ಲ.

ಗೆಲ್ಲಿಸೋದು ನಾಲ್ಕನೆಯವನು

ತಂಡದ ಅಂಕದ ಲೆಕ್ಕ ಬಹಳ ಪೋಷಕರಿಗೆ ಗೊತ್ತಿರಲ್ಲ. ಇಲ್ಲಿ ಕಡಿಮೆ ಅಂಕ ಬಂದವರೇ ವಿನ್ನರ್. ಯಾರು ಎಷ್ಟನೇ ಸ್ಥಾನ ಬಂದರೋ ಅದೇ ಅವರ ಅಂಕ. ವಿಶ್ವ ಮಟ್ಟದಲ್ಲಿ ತಂಡದಿಂದ 6 ಮಂದಿ ಓಡಿದರೂ ಮೊದಲು ಬಂದ 4 ಜನರ ಸ್ಥಾನ ಮಾತ್ರ ಕೂಡಿಸುತ್ತಾರೆ. ಅಮೆರಿಕದ ಹೈಸ್ಕೂಲ್‌ಗಳಲ್ಲಿ 7 ಜನ ಓಡಿ 5 ಜನರದ್ದು ಲೆಕ್ಕ. ನಮ್ಮ ಕೂಟಗಳಲ್ಲಿ ಎಷ್ಟು ಜನರದ್ದು ಅನ್ನೋದನ್ನ ಆಯಾ ಕೂಟದ ಸುತ್ತೋಲೆ ನೋಡಿಯೇ ತಿಳಿದುಕೊಳ್ಳಬೇಕು.

ಉದಾಹರಣೆಗೆ ಒಂದು ಶಾಲೆಯ ಮಕ್ಕಳು 1, 3, 20, 31ನೇ ಸ್ಥಾನ ಬಂದರು ಅಂದುಕೊಳ್ಳಿ. ಒಟ್ಟು 55. ಇನ್ನೊಂದು ಶಾಲೆಯವರು 6, 9, 12, 15. ಒಟ್ಟು 42. ಮೊದಲ ಶಾಲೆಗೆ ಚಿನ್ನದ ಹುಡುಗ ಇದ್ದರೂ ತಂಡದ ಕಪ್ ಎರಡನೇ ಶಾಲೆಗೆ. ಅಂಕ ಸಮ ಬಂದರೆ ಯಾರ ಕೊನೆಯ ಲೆಕ್ಕದ ಓಟಗಾರ ಮುಂದಿದ್ದಾನೋ ಅವರಿಗೆ ಗೆಲುವು. ಊರಲ್ಲಿ ಎಲ್ಲರೂ ಫಸ್ಟ್ ಬಂದವನಿಗೆ ಹಾರ ಹಾಕ್ತಾರೆ, 15ನೇ ಸ್ಥಾನದವನನ್ನ ಯಾರೂ ಮಾತಾಡಿಸಲ್ಲ. ಚಳಿಗಾಲದಲ್ಲಿ ಓಟ ಬಿಡೋನೂ ಅವನೇ. ಹಾಗಾಗಿ ತಂಡ ಕಟ್ಟೋ ಮೇಷ್ಟ್ರು ಮೊದಲು ಹಿಡಿದಿಟ್ಟುಕೊಳ್ಳಬೇಕಾದ್ದು ಆ ಹುಡುಗನನ್ನ.

ಮೊದಲ ಕೆಲಸ: ಓಡದೆ ಇರೋದು

ಕೊನೇ ಸ್ಪರ್ಧೆ ಆದ ಮೇಲೆ 10ರಿಂದ 14 ದಿನ ಓಟಕ್ಕೆ ಪೂರ್ತಿ ರಜೆ. ನಡೆದಾಡಲಿ, ಸೈಕಲ್ ಹೊಡೀಲಿ, ಕಬಡ್ಡಿ ಆಡಲಿ, ತೊಂದರೆ ಇಲ್ಲ. ಹುಷಾರಿರುವ ಹುಡುಗರಿಗೆ ಸುಮ್ಮನಿರೋದೇ ಕಷ್ಟ, ಆದರೂ ಈ ಎರಡು ವಾರ ತಪ್ಪಿಸಬಾರದು. ಸೀಸನ್ ಉದ್ದಕ್ಕೂ ಸಹಿಸಿಕೊಂಡ ಸಣ್ಣಪುಟ್ಟ ನೋವು ವಾಸಿಯಾಗೋದು ಇದೇ ಸಮಯದಲ್ಲಿ.

ಮಂಡಿಚಿಪ್ಪಿನ ಕೆಳಗೆ ಗಂಟು ಥರ ಊದಿ ಮುಟ್ಟಿದರೆ ನೋವು, ಹಿಮ್ಮಡಿ ಹಿಂದೆ ನೋವು, ಇವೆರಡೂ ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಮಾಮೂಲು. ಎಲುಬು ಬೇಗ ಬೆಳೆದು ಸ್ನಾಯು ಜಗ್ಗಿದಾಗ ಹೀಗಾಗುತ್ತೆ. ವಿಶ್ರಾಂತಿ ಕೊಟ್ಟು, ಓಟ ಕಮ್ಮಿ ಮಾಡಿದರೆ ಬಹುತೇಕ ಸರಿಹೋಗುತ್ತೆ. ಆದರೆ ಕಾಲಿನ ಮುಂದಿನ ಎಲುಬಿನ ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸುವಷ್ಟು ನೋವಿದ್ದು, ರಾತ್ರಿ ಮಲಗಿದಾಗಲೂ ನೋವು ಬಂದರೆ ಎಲುಬಿನಲ್ಲಿ ಸಣ್ಣ ಬಿರುಕು ಇರಬಹುದು. ಎಣ್ಣೆ ಹಚ್ಚಿ ನೀವಿ ಮತ್ತೆ ಓಡಿಸಬೇಡಿ. ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿ.

ನಿಧಾನವಾಗಿ ಓಡಿ, ಮಾತಾಡುತ್ತಾ ಓಡಿ

ರಜೆ ಮುಗಿದ ಮೇಲೆ ಮೊದಲ ವಾರ 15ರಿಂದ 20 ನಿಮಿಷ, ದಿನ ಬಿಟ್ಟು ದಿನ ಸಾಕು. ಆಮೇಲೆ ವಾರಕ್ಕೆ 4 ದಿನ, ಒಗ್ಗಿದವರಿಗೆ 5 ದಿನ. ವೇಗದ ಲೆಕ್ಕ ಸುಲಭ: ಓಡುತ್ತಲೇ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಕ್ಕೆ ಆಗಬೇಕು. ಏದುಸಿರು ಬಂದು ಮಾತು ತುಂಡಾದರೆ ಜೋರಾಯ್ತು ಅಂತ ಅರ್ಥ. ನಮ್ಮ ಕಡೆ ಮಕ್ಕಳು ಪ್ರಾಕ್ಟೀಸ್ ಅಂದರೆ ದಿನಾ ರೇಸು ಅಂದುಕೊಂಡಿದ್ದಾರೆ. ಮೇಷ್ಟ್ರು ಸ್ಟಾಪ್‌ವಾಚ್ ಹಿಡಿದು ನಿಂತರೆ ಕೇಳೋದೇ ಬೇಡ. ಚಳಿಗಾಲದಲ್ಲಿ ಸ್ಟಾಪ್‌ವಾಚ್ ಆಫೀಸ್ ರೂಮಿನಲ್ಲೇ ಇರಲಿ.

ನಿಧಾನ ಓಡಿದರೆ ವೇಗ ಎಲ್ಲಿಂದ ಬರುತ್ತೆ ಅಂತ ಕೇಳುವವರಿಗೆ ನ್ಯೂಜಿಲೆಂಡಿನ ಕೋಚ್ ಆರ್ಥರ್ ಲಿಡಿಯರ್ಡ್ ಅವರ ಉದಾಹರಣೆ ಇದೆ. 800 ಮೀಟರ್ ಓಡುವವರನ್ನೂ ಅವರು ತಿಂಗಳುಗಟ್ಟಲೆ ಗುಡ್ಡದ ರಸ್ತೆಯಲ್ಲಿ ದೂರ ಓಡಿಸುತ್ತಿದ್ದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರ್‌ನಲ್ಲೂ, ಮರ್ರೆ ಹಾಲ್ಬರ್ಗ್ 5,000 ಮೀಟರ್‌ನಲ್ಲೂ ಒಂದೇ ದಿನ ಚಿನ್ನ ಗೆದ್ದರು. ಅವರು ವಾರಕ್ಕೆ 100 ಮೈಲಿ ಓಡುತ್ತಿದ್ದರು ಅಂತ ಹೈಸ್ಕೂಲ್ ಮಕ್ಕಳಿಗೆ ಅದನ್ನ ಹೇರಬಾರದು, ಅವರು ಬೆಳೆದ ಗಂಡಸರು. 14, 15 ವರ್ಷದವರಿಗೆ ವಾರಕ್ಕೆ 20ರಿಂದ 30 ಕಿ.ಮೀ. ಧಾರಾಳ ಆಯ್ತು.

ಜನವರಿಯಲ್ಲಿ ಒಂದು ವಾರ ಹೇಗಿರಬಹುದು ಅಂದರೆ: ಮಂಗಳವಾರ 30 ನಿಮಿಷ ಆರಾಮ ಓಟ, ಕೊನೆಗೆ 80 ಮೀಟರ್ ಚುರುಕಾಗಿ ನಾಲ್ಕೈದು ಸಲ. ಗುರುವಾರ ಏರು ಓಟ, ಅಂದರೆ ಸುಮಾರು ಅರ್ಧ ನಿಮಿಷ ಹತ್ತುವಷ್ಟು ದಿಬ್ಬವನ್ನ ಆರೇಳು ಸಲ ಹತ್ತೋದು, ನಡೆದುಕೊಂಡೇ ಇಳಿಯೋದು. ಇಳಿಜಾರಿನಲ್ಲಿ ಜೋರು ಓಡಿದರೆ ಮಂಡಿಗೆ ಪೆಟ್ಟು. ಶನಿವಾರ ಮತ್ತೆ ಆರಾಮ. ಭಾನುವಾರ ಎಲ್ಲರೂ ಸೇರಿ 45ರಿಂದ 50 ನಿಮಿಷ. ಎರಡು ದಿನ ಬಸ್ಕಿ, ದಂಡ, ಒಂಟಿ ಕಾಲಿನ ಮೇಲೆ ನಿಲ್ಲೋ ಕಸರತ್ತು. ದೂರವನ್ನ ವಾರವಾರ ಸ್ವಲ್ಪವೇ ಹೆಚ್ಚಿಸಿ, ನಾಲ್ಕನೇ ವಾರ ಇಳಿಸಬೇಕು.

ಆನೆ, ಮಂಜು, ಲಾರಿ

ಪುಸ್ತಕದಲ್ಲಿ ಬೆಳಗ್ಗೆ 5 ಗಂಟೆಗೆ ಓಡಿ ಅಂತ ಇರುತ್ತೆ. ನಮ್ಮ ತಾಲ್ಲೂಕಿನಲ್ಲಿ ಅದು ಅಪಾಯ. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟೋದೇ ಆರೂವರೆ ದಾಟಿದ ಮೇಲೆ. ಕತ್ತಲಲ್ಲಿ, ಮಂಜಲ್ಲಿ ತೋಟದ ರಸ್ತೆಗೆ ಇಳಿದರೆ ಆನೆ ಹತ್ತು ಹೆಜ್ಜೆ ದೂರ ನಿಂತಿದ್ದರೂ ಕಾಣಲ್ಲ. ಪೂರ್ತಿ ಬೆಳಕಾದ ಮೇಲೆ ಅಥವಾ ಶಾಲೆ ಬಿಟ್ಟ ತಕ್ಷಣ ಶಾಲಾ ಮೈದಾನದಲ್ಲಿ ಓಡೋದೇ ವಾಸಿ. ಸಂಜೆ ಕತ್ತಲಾಗೋದಕ್ಕೆ ಮುಂಚೆ ಮನೆ ಸೇರಿರಬೇಕು.

ಅರಣ್ಯ ಇಲಾಖೆ ಆನೆ ಎಲ್ಲಿದೆ ಅಂತ ಮೊಬೈಲ್‌ಗೆ ಮೆಸೇಜ್ ಕಳಿಸುತ್ತೆ, ಕೆಲವು ಕಡೆ ರಸ್ತೆ ಬದಿ ಕೆಂಪು ಎಲ್‌ಇಡಿ ದೀಪ ಮಿನುಗುತ್ತೆ. ಗುಂಪಿನ ಒಬ್ಬ ಪೋಷಕರಾದರೂ ಆ ಮೆಸೇಜ್ ಪಟ್ಟಿಯಲ್ಲಿ ಇರಬೇಕು. ನಮ್ಮ ಏರಿಯಾದಲ್ಲಿ ಇದೆ ಅಂತ ಬಂದರೆ ಅವತ್ತು ರಸ್ತೆ ಓಟ ಕ್ಯಾನ್ಸಲ್, ಮೈದಾನದಲ್ಲಿ ಬಸ್ಕಿ ಹೊಡೆದು ಮನೆಗೆ ಹೋಗೋದು. ಕಿವಿಗೆ ಇಯರ್‌ಫೋನ್ ಬೇಡ. ಒಬ್ಬೊಬ್ಬರೇ ಬೇಡ, ಹುಡುಗಿಯರ ಗುಂಪಿನ ಜೊತೆ ಸೈಕಲ್‌ನಲ್ಲಿ ದೊಡ್ಡವರು ಒಬ್ಬರಿದ್ದರೆ ಒಳ್ಳೇದು. ಹೆದ್ದಾರಿ 75ರಲ್ಲಿ ಅಭ್ಯಾಸ ಮಾಡಿಸೋ ಮಾತೇ ಇಲ್ಲ, ಅಲ್ಲಿ ಘಾಟಿ ಲಾರಿಗಳು ಹಗಲು ರಾತ್ರಿ ಓಡ್ತವೆ.

ಕೊಯ್ಲಿನ ಕಾಲ ಆದ್ದರಿಂದ ತೋಟದೊಳಗೆ ಜೀಪು, ಟ್ರ್ಯಾಕ್ಟರ್ ಓಡಾಟ ಜಾಸ್ತಿ. ಮಾಲೀಕರಿಗೋ ರೈಟರ್‌ಗೋ ಒಂದು ಮಾತು ಹೇಳಿಯೇ ಮಕ್ಕಳನ್ನು ಬಿಡಬೇಕು. ಕಾಫಿ ಒಣ ಹಾಕಿದ ಕಣ ತುಳಿಯದಂತೆ ಹೇಳಿಕೊಟ್ಟರೆ ಮುಂದಿನ ವರ್ಷವೂ ದಾರಿ ಸಿಗುತ್ತೆ.

ಊಟ, ರಕ್ತ, ಕಾಫಿ

ಓಡುವ ಮಕ್ಕಳಿಗೆ ಡಬ್ಬದ ಪುಡಿ ಬೇಕಿಲ್ಲ. ಮುದ್ದೆ, ಹುರುಳಿಕಾಳು, ಸೊಪ್ಪು, ಬಾಳೆಹಣ್ಣು, ಕಡಲೆಕಾಯಿ ಸಾಕು. ಇದು ಅವರೆಕಾಯಿ ಸೀಸನ್ ಬೇರೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 10ನೇ ತರಗತಿವರೆಗೆ 2024ರಿಂದ ಹಾಲಿನ ಜೊತೆ ವಾರಕ್ಕೆ 3 ದಿನ ರಾಗಿ ಮಾಲ್ಟ್, 6 ದಿನ ಮೊಟ್ಟೆ ಯೋಜನೆ ಬಂದಿದೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಖಾಲಿ ಹೊಟ್ಟೆಯಲ್ಲಿ ಓಡಿ ಹಾಗೇ ಶಾಲೆಗೆ ಓಡಿಬರೋ ಮಕ್ಕಳಿಗೆ ಮಾತ್ರ ಇದೂ ಸಾಲಲ್ಲ. ಓಟ ಮುಗಿದ ಅರ್ಧ ಗಂಟೆಯೊಳಗೆ ಏನಾದರೂ ಹೊಟ್ಟೆಗೆ ಬೀಳಬೇಕು.

ಓಡುವ ಹುಡುಗಿಯರಲ್ಲಿ ಕಬ್ಬಿಣದ ಅಂಶ ಕಮ್ಮಿಯಾಗೋದು ದೊಡ್ಡ ಸಮಸ್ಯೆ. ಕಾರಣವಿಲ್ಲದೆ ಸುಸ್ತು, ದಿನೇ ದಿನೇ ಟೈಮಿಂಗ್ ಕೆಡೋದು ಇದರ ಲಕ್ಷಣ. ಸೋಮಾರಿ ಅಂತ ಬೈಯುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತೆ, ಅದನ್ನ ಕಿಟಕಿಯಿಂದ ಆಚೆ ಎಸೆಯಬಾರದು. ಇನ್ನೊಂದು ವಿಷಯ ಕಾಫಿ ಬೆಳೆಯೋ ಊರಿನವರಿಗೆ ಬೇಜಾರಾಗಬಹುದು: ಊಟದ ಜೊತೆ, ಮಾತ್ರೆ ಜೊತೆ ಕಾಫಿ, ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತಲ್ಲ. ಒಂದು ಗಂಟೆ ಅಂತರ ಇರಲಿ. ನಿಂಬೆಹಣ್ಣು, ನೆಲ್ಲಿಕಾಯಿ, ಸೀಬೆಹಣ್ಣು ಜೊತೆಗಿದ್ದರೆ ಚೆನ್ನಾಗಿ ಹತ್ತುತ್ತೆ. ಮುಟ್ಟು ಮೂರು ತಿಂಗಳು ನಿಂತರೆ ಊಟ ಸಾಲುತ್ತಿಲ್ಲ ಅನ್ನೋದರ ಸೂಚನೆಯೂ ಇರಬಹುದು, ಆಸ್ಪತ್ರೆಯ ಸ್ನೇಹ ಕ್ಲಿನಿಕ್‌ನಲ್ಲಿ ಗುಟ್ಟಾಗಿ ವಿಚಾರಿಸಬಹುದು.

ಎಸ್ಸೆಸ್ಸೆಲ್ಸಿ ಮಕ್ಕಳು ಏನು ಮಾಡಬೇಕು?

ಹತ್ತನೇ ತರಗತಿಯವರನ್ನ ಡಿಸೆಂಬರ್‌ಗೇ ಮೈದಾನದಿಂದ ಹೊರಗೆ ಕಳಿಸೋದು ರೂಢಿ. ಸ್ಪೆಷಲ್ ಕ್ಲಾಸ್, ಸರಣಿ ಪರೀಕ್ಷೆ ಅಂತ ಒತ್ತಡ ಇರೋದು ನಿಜ. ಆದರೆ ವಾರಕ್ಕೆ 3 ದಿನ ಅರ್ಧ ಗಂಟೆ ಅಂದರೆ ಒಟ್ಟು ಒಂದೂವರೆ ಗಂಟೆ. ಅಷ್ಟು ಓಡಿದವರಿಗೆ ಪಿಯುಸಿಯಲ್ಲಿ ಮತ್ತೆ ಮೊದಲಿಂದ ಶುರು ಮಾಡೋ ಕಷ್ಟ ಇರಲ್ಲ. ಮಲೆನಾಡಿನ ಎಷ್ಟೋ ಹುಡುಗರ ಕಣ್ಣು ಸೇನೆ, ಪೊಲೀಸ್ ಕೆಲಸದ ಮೇಲಿದೆ. ಅಗ್ನಿವೀರ್ ಭರ್ತಿಯ 1.6 ಕಿ.ಮೀ. ಓಟವನ್ನ 5 ನಿಮಿಷ 30 ಸೆಕೆಂಡ್ ಒಳಗೆ ಮುಗಿಸಿದರೆ 60 ಅಂಕ. ಅದಕ್ಕೆ ಬೇಕಾದ ದಮ್ಮು ಭರ್ತಿ ನೋಟಿಫಿಕೇಶನ್ ಬಂದ ಮೇಲೆ ಬರಲ್ಲ.

ಪರೀಕ್ಷೆಯ ಎರಡು ವಾರ ಮುಂಚೆ ಬೇಕಿದ್ದರೆ ಪೂರ್ತಿ ನಿಲ್ಲಿಸಲಿ. ನಿದ್ದೆ ಮಾತ್ರ 8 ಗಂಟೆಗಿಂತ ಕಮ್ಮಿ ಆಗಬಾರದು. ರಾತ್ರಿ 12ರವರೆಗೆ ಓದಿಸಿ ಬೆಳಗ್ಗೆ ಓಡಿಸೋದಾದರೆ ಓಡಿಸದೇ ಇರೋದೇ ಮೇಲು.

ಅಂಗಡಿಯವರು, ಪೋಷಕರು ಗಮನಿಸಿ

ತಂಡ ಗೆದ್ದು ಬಂದ ಮೇಲೆ ಬ್ಯಾನರ್ ಹಾಕಿಸೋರು ಬಹಳ ಜನ ಇದ್ದಾರೆ. ಆ ಬ್ಯಾನರ್ ದುಡ್ಡಿನಲ್ಲಿ ಭಾನುವಾರದ ಓಟ ಮುಗಿಸಿ ಬಂದ ಎಂಟು ಮಕ್ಕಳಿಗೆ ತಿಂಗಳುಗಟ್ಟಲೆ ಬಾಳೆಹಣ್ಣು, ಚಿಕ್ಕಿ ಕೊಡಬಹುದು. ಬಟ್ಟೆ ಅಂಗಡಿಯವರು ಕೊಡೋದಾದರೆ ಟೀಶರ್ಟ್ ಬಣ್ಣ ಹಳದಿ ಅಥವಾ ಕಿತ್ತಳೆ ಇರಲಿ, ಮಂಜಲ್ಲಿ ಡ್ರೈವರ್‌ಗಳಿಗೆ ಕಾಣುತ್ತೆ. ಚಪ್ಪಲಿ ಅಂಗಡಿಯವರ ಹತ್ತಿರ ಪೋಷಕರು ಕೇಳಬೇಕಾದ್ದು ಹೆಬ್ಬೆರಳ ಮುಂದೆ ಒಂದು ಬೆರಳಷ್ಟು ಜಾಗ ಇರುವ ಶೂ. ಬೆಳೆಯೋ ಕಾಲು ಅಂತ ಎರಡು ಸೈಜ್ ದೊಡ್ಡದು ತಂದರೆ ಬೊಬ್ಬೆ ಏಳೋದು ಗ್ಯಾರಂಟಿ. ಬರಿಗಾಲಲ್ಲಿ ಓಡಿ ರೂಢಿ ಇರುವ ಮಕ್ಕಳಿಗೆ ಹೊಸ ಶೂ ತೊಡಿಸಿ ಸೀದಾ ಸ್ಪರ್ಧೆಗೆ ಇಳಿಸಬಾರದು, ಮೊದಲು ಎರಡು ಮೂರು ವಾರ ಅಭ್ಯಾಸದಲ್ಲಿ ಹಾಕಿಕೊಳ್ಳಲಿ.

ಈ ವರ್ಷದ ಪ್ರಮಾಣಪತ್ರಗಳನ್ನ ಈಗಲೇ ಶಾಲೆಯಿಂದ ಇಸಿದುಕೊಂಡು ಹೆಸರು, ಹುಟ್ಟಿದ ದಿನಾಂಕ ದಾಖಲೆಗೆ ಸರಿಯಾಗಿ ಹೊಂದುತ್ತಾ ನೋಡಿಕೊಳ್ಳಿ. ಮೇಷ್ಟ್ರು ವರ್ಗ ಆದ ಮೇಲೆ ತಿದ್ದಿಸಲು ಓಡಾಡೋದು ಕಷ್ಟ. ಎರಡು ಜೆರಾಕ್ಸ್ ಮಾಡಿಸಿ ಒಂದನ್ನ ಮನೆಯಲ್ಲಿ ಬೇರೆ ಕಡೆ ಇಡಿ.