ಮೊದಲು ಬಂದದ್ದು ಹಳೆಯ ಜೀಪು

ಕಂಪೆನಿಯ ಲೆಕ್ಕದಲ್ಲಿ ಹೊಸ ಮಾಡೆಲು ಮೊದಲು, ಸೆಕೆಂಡ್ ಹ್ಯಾಂಡ್ ಆಮೇಲೆ. ನಮ್ಮ ಮಂಡೆಕೋಲಿನಲ್ಲಿ ಇದು ತಿರುಗಾಮುರುಗಾ. ನಾನು ಕಂಡಂತೆ ಇಲ್ಲಿಗೆ ಮಹೀಂದ್ರದ ಹಳೆಯ ಜೀಪುಗಳೇ ಮೊದಲು ಬಂದವು. ಸೀಟಿನ ಪ್ಲಾಸ್ಟಿಕ್ ಬಿಚ್ಚದ ಗಾಡಿ ಅಂಗಳಕ್ಕೆ ಬಂದು ನಿಂತದ್ದು ಎಷ್ಟೋ ಮಳೆಗಾಲ ಕಳೆದ ಮೇಲೆ. ಸುಳ್ಯದಿಂದ ಅಜ್ಜಾವರದ ಮೇಲೆ ಮಂಡೆಕೋಲಿಗೆ ಸರ್ವಿಸ್ ಜೀಪು ಓಡಿಸಿದವನು ನಾನು. ಅಡಿಕೆ ತೋಟ ಇತ್ತು, ಆದರೆ ಅದೊಂದರಿಂದ ಮನೆ ಸಾಗುತ್ತಿರಲಿಲ್ಲ. ಈಗ ಸ್ಟೇರಿಂಗ್ ಬಿಟ್ಟಿದ್ದೇನೆ. ಗಾಡಿ ನೋಡಲು ಹೋಗುವವರು ಮಾತ್ರ ಇನ್ನೂ ನನ್ನನ್ನು ಕರೆದುಕೊಂಡು ಹೋಗುತ್ತಾರೆ. "ಮಾವ, ಹೊಸತು ತೆಗೆಯುವುದಾ, ಸೆಕೆಂಡ್ ಹ್ಯಾಂಡಾ?" ಎಂದು ಹುಡುಗರು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಕೊಡಲು ನನ್ನಿಂದ ಆಗುವುದಿಲ್ಲ. ಯಾವ ಕಾಲದ ಗಾಡಿ ಎಂದು ಮೊದಲು ತಿಳಿಯಬೇಕು.

ಕಂಪೆನಿ ಶುರುವಾದದ್ದು 1945ರ ಅಕ್ಟೋಬರ್ 2ರಂದು, ಲೂಧಿಯಾನದಲ್ಲಿ, ಉಕ್ಕಿನ ವ್ಯಾಪಾರಕ್ಕೆ. ಹೆಸರು ಮಹೀಂದ್ರ ಆಂಡ್ ಮೊಹಮ್ಮದ್. ಮಹೀಂದ್ರ ಸಹೋದರರ ಪಾಲುದಾರರಾಗಿದ್ದ ಮಲಿಕ್ ಗುಲಾಂ ಮೊಹಮ್ಮದ್ ದೇಶ ವಿಭಜನೆಯಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಇಲ್ಲಿನ ಬೋರ್ಡಿನ ಮೇಲೆ ಇನ್ನೊಂದು ಮಹೀಂದ್ರ ಸೇರಿತು. ಅಷ್ಟರಲ್ಲಿ ಅವರು ಅಮೆರಿಕದ ವಿಲ್ಲೀಸ್ ಜೀಪನ್ನು ಮುಂಬಯಿಯಲ್ಲಿ ಜೋಡಿಸುವ ಕೆಲಸಕ್ಕೆ ಕೈಹಾಕಿದ್ದರು. ಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯ ಬಿಟ್ಟುಹೋದ ಜೀಪುಗಳನ್ನು ಫಿಲಿಪ್ಪೀನ್ಸಿನವರು ಉದ್ದ ಮಾಡಿಸಿ, ಬಣ್ಣ ಬಳಿದು, ಜೀಪ್ನಿ ಎಂದು ಊರಿನ ಬಸ್ಸು ಮಾಡಿಕೊಂಡರು. ನಮ್ಮಲ್ಲಿ ಆದದ್ದೂ ಹೆಚ್ಚುಕಡಿಮೆ ಅದೇ, ಬಣ್ಣ ಸ್ವಲ್ಪ ಕಡಿಮೆ.

ಹೊಸ ಜೀಪು ಹೋಗುತ್ತಿದ್ದದ್ದು ಸೈನ್ಯಕ್ಕೆ, ಪೊಲೀಸರಿಗೆ, ಅರಣ್ಯ ಇಲಾಖೆಗೆ, ಬಿ.ಡಿ.ಓ. ಆಫೀಸಿಗೆ. ಅವರು ಸವೆಸಿದ ಮೇಲೆ ಹರಾಜು. ಹರಾಜಿನಿಂದ ಮರದ ಕಂಟ್ರಾಕ್ಟರು, ಅಲ್ಲಿಂದ ಕೊಡಗಿನ ಕಾಫಿ ತೋಟ, ಅಲ್ಲಿಂದ ಸಂಪಾಜೆ ಘಾಟಿ ಇಳಿದು ಸುಳ್ಯ. ನಮ್ಮ ಕೈಗೆ ಸಿಗುವಾಗ ಆರ್.ಸಿ. ಪುಸ್ತಕದಲ್ಲಿ ಇನ್ನೊಂದು ಹೆಸರು ಬರೆಯಲು ಜಾಗ ಇರುತ್ತಿರಲಿಲ್ಲ. ಆದರೂ ಅದಕ್ಕೆ ಗಿರಾಕಿ ಇದ್ದರು. ಒಂದು ಮಗ್ಗುಲಲ್ಲಿ ಕಾಸರಗೋಡಿನ ಗಡಿ, ಗುಡ್ಡ ಕಡಿದು ಮಾಡಿದ ದಾರಿ, ತೋಡು ತುಂಬಿದರೆ ಆಚೆ ಈಚೆ ಇಲ್ಲದ ಮನೆಗಳು. ಬಸವಳಿದ ಬಸ್ಸು ಹತ್ತದ ಏರಿಗೆ ಜೀಪೊಂದೇ ಗತಿ. ಹೆರಿಗೆಗೆ, ಗೊಬ್ಬರಕ್ಕೆ, ಮದುಮಗಳಿಗೆ, ಓಟಿನ ಪೆಟ್ಟಿಗೆಗೆ, ಎಲ್ಲದಕ್ಕೂ ಅದೇ.

ಆಗಿನ ಜೀಪು ಎಂದರೆ ಸಿ.ಜೆ. 3ಬಿ, ಎತ್ತರ ಬೋನೆಟ್ಟಿನದು. ಆ ಎತ್ತರ ಅಂದಕ್ಕಲ್ಲ. ಒಳಗಿನ 2.2 ಲೀಟರಿನ ಹರಿಕೇನ್ ಪೆಟ್ರೋಲ್ ಎಂಜಿನ್ ಹಿಂದಿನದಕ್ಕಿಂತ ಎತ್ತರವಾಗಿತ್ತು, ಹಳೆಯ ತಗಡಿನ ಕೆಳಗೆ ಹಿಡಿಸಲಿಲ್ಲ, ತಗಡನ್ನೇ ಎತ್ತಿದರು. ಅಮೆರಿಕದಲ್ಲಿ 1960ರ ದಶಕದಲ್ಲಿ ನಿಂತುಹೋದ ಈ ಮಾಡೆಲನ್ನು ಮಹೀಂದ್ರದವರು ಮತ್ತೂ ಬಹುಕಾಲ ಮಾಡುತ್ತಲೇ ಇದ್ದರು. ಪೇಟೆಯವರಿಗೆ ಇದು ಸೋಮಾರಿತನ ಅನ್ನಿಸಿರಬಹುದು. ನಮಗೆ ಅದೇ ಉಪಕಾರ. ಇವತ್ತು ಹುಟ್ಟಿದ ಜೀಪಿನ ಆಕ್ಸಲ್ಲು ಇಪ್ಪತ್ತು ವರ್ಷದ ಜೀಪಿಗೆ ಕೂರುತ್ತಿತ್ತು. ಹೀಗಾಗಿ ಹೊಸತು ಮತ್ತು ಹಳತರ ನಡುವೆ ಗೋಡೆಯೇ ಇರಲಿಲ್ಲ. ಹಳೆಯ ಜೀಪನ್ನು ಎಷ್ಟು ಬೇಕಾದರೂ ಹೊಸತು ಮಾಡಬಹುದಿತ್ತು, ದುಡ್ಡಿದ್ದಷ್ಟು.

1973ರ ತೈಲ ಬಿಕ್ಕಟ್ಟಿನ ಬಳಿಕ ಪೆಟ್ರೋಲ್ ಜೀಪು ಸಾಕುವುದು ಕಷ್ಟವಾಯಿತು. 1963ರಲ್ಲೇ ಮಹೀಂದ್ರದವರು ಇಂಟರ್‌ನ್ಯಾಶನಲ್ ಹಾರ್ವೆಸ್ಟರ್ ಜೊತೆ ಸೇರಿ ಟ್ರ್ಯಾಕ್ಟರ್ ಕಂಪೆನಿ ಮಾಡಿದ್ದರು. ಆ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ ಜೀಪಿಗೂ ಬಂತು. 1980ರ ದಶಕದಲ್ಲಿ 2.1 ಲೀಟರಿನ ಪ್ಯೂಜೊ ಎಂಜಿನ್ನಿನ ಎಂ.ಎಂ. 540. ಎರಡನ್ನೂ ಓಡಿಸಿದ್ದೇನೆ. ಪ್ಯೂಜೊ ನಯ, ಓಟ ಹೆಚ್ಚು, ಆದರೆ ಭಾರ ಹೇರಿ ಏರಿಸಿದರೆ ಬಿಸಿಯಾಗುತ್ತಿತ್ತು. ಟ್ರ್ಯಾಕ್ಟರ್ ಎಂಜಿನ್ ಒರಟು, ಕೂತವರ ಹಲ್ಲು ಅಲ್ಲಾಡಿಸುತ್ತದೆ, ಹಸಿ ಅಡಿಕೆಯ ಗೋಣಿ ತುಂಬಿಕೊಂಡು ಲೋ ಗಿಯರಿನಲ್ಲಿ ಹತ್ತುವಾಗ ಅದರಂಥದ್ದು ಇನ್ನೊಂದಿಲ್ಲ. ಸುಳ್ಯ ಪುತ್ತೂರಿನ ಗ್ಯಾರೇಜುಗಳಲ್ಲಿ ಪೆಟ್ರೋಲ್ ಜೀಪಿನ ಎಂಜಿನ್ ಇಳಿಸಿ ಡೀಸೆಲ್ ಕೂರಿಸುವುದೇ ಆಗ ದೊಡ್ಡ ಕೆಲಸ. ಪಂಜಾಬ್ ಹರಿಯಾಣ ಗಡಿಯ ಮಂಡಿ ಡಬವಾಲಿಯಲ್ಲಿ ಸೈನ್ಯದ ಗುಜರಿಯಿಂದ ಇಡೀ ಜೀಪುಗಳನ್ನೇ ಕಟ್ಟುವ ಪೇಟೆ ಬೆಳೆಯಿತು. ನಮ್ಮವರು ಅಷ್ಟು ದೊಡ್ಡದು ಮಾಡಲಿಲ್ಲ, ಮನೆಮಟ್ಟಿಗೆ ಮಾಡಿದರು.

ನನಗೆ ಗಾಡಿ ನೋಡಲು ಕಲಿಸಿದ ಮೆಕ್ಯಾನಿಕ್ಕನ್ನು ಎಲ್ಲರೂ ಇಚ್ಚ ಎಂದೇ ಕರೆಯುತ್ತಿದ್ದೆವು. ಅವನ ಮೊದಲ ಪಾಠ: "ಗೌಡ್ರೇ, ವರ್ಷ ನೋಡಬೇಡಿ, ಅಡಿ ನೋಡಿ." ಜೀಪಿನ ಕೆಳಗೆ ಗೋಣಿ ಹಾಸಿ ಮಲಗುತ್ತಿದ್ದ. ಚೇಸಿಸ್ಸಿನ ಅಡ್ಡಪಟ್ಟಿಗೆ ವೆಲ್ಡ್ ಆಗಿದೆಯಾ, ಪ್ಲೇಟಿನ ಶ್ಯಾಕಲ್ ಬಳಿ ಬಿರುಕಿದೆಯಾ, ಹೌಸಿಂಗಿನಿಂದ ಎಣ್ಣೆ ಸೋರುತ್ತದಾ. ಆಮೇಲೆ ಹಿಂದಿನ ಫ್ಲೋರು. ಅಲ್ಲಿ ನೀಲಿ ಕಲೆ ಕಂಡರೆ ರೇಟು ತಟ್ಟನೆ ಇಳಿಸುತ್ತಿದ್ದ. ಕೊಳೆರೋಗಕ್ಕೆ ಮದ್ದು ಬಿಡಲು ಮೈಲುತುತ್ತಿನ ನೀರು ಡ್ರಮ್ಮಿನಲ್ಲಿ ಸಾಗಿಸಿದ ಜೀಪು ಅದು. ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ. ಮೇಲೆ ಎಷ್ಟು ಪೈಂಟ್ ಬಳಿದರೂ ಕೆಳಗೆ ತಗಡು ಜಾಳಾಗಿರುತ್ತದೆ. ಬಯಲುಸೀಮೆಯಿಂದ ಬಂದ ಹದಿನೈದು ವರ್ಷದ ಜೀಪು, ನಮ್ಮ ತೋಟದಲ್ಲಿ ಐದು ವರ್ಷ ದುಡಿದ ಜೀಪಿಗಿಂತ ಗಟ್ಟಿ. ಇದನ್ನು ಯಾವ ಬೆಲೆಪಟ್ಟಿಯೂ ಹೇಳುವುದಿಲ್ಲ. ಇನ್ನೊಂದು ಸಂಗತಿ ಫೋರ್ ವೀಲ್. ಎಲ್ಲ ಜೀಪಿಗೂ ಅದು ಇರುವುದಿಲ್ಲ. ಲಿವರ್ ಇದ್ದರೂ ಬೀಳುತ್ತದೆಯೇ ಎಂದು ಕೆಸರಿಗೆ ಇಳಿಸಿಯೇ ನೋಡಬೇಕು. ಟಾರು ರೋಡಿನಲ್ಲಿ ತೋರಿಸುವವನನ್ನು ನಂಬಬಾರದು.

1990ರ ದಶಕ ಕಮಾಂಡರ್ ಜೀಪಿನದು. ಉದ್ದ ಬಾಡಿ, ಹಿಂದೆ ಎದುರುಬದುರು ಸೀಟು. ಸರ್ವಿಸ್ ಓಡಿಸುವವರಿಗೆ ಹೇಳಿ ಮಾಡಿಸಿದ ಹಾಗಿತ್ತು. ಕಾನೂನಿಗೆ ಹಿಡಿಸುವ ಜನ ಬೇರೆ, ಸುಳ್ಯದಲ್ಲಿ ಹೊರಡುವಾಗ ಹತ್ತುವ ಜನ ಬೇರೆ. ಶಾಲೆ ಬಿಟ್ಟ ಹುಡುಗರು ಹಿಂದೆ ಜೋತಾಡುತ್ತಿದ್ದರು. ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ. ಅಂದಿನ ಜೀಪನ್ನು ಹೊಗಳುವವರು ಈ ಮಾತನ್ನೂ ಹೇಳಬೇಕು.

2000ನೇ ಇಸವಿ ನಮ್ಮ ಜೀಪಿಗೆ ಎರಡು ಕಡೆಯಿಂದ ಬಿಸಿ ಮುಟ್ಟಿಸಿತು. ಆಗಸ್ಟಿನಲ್ಲಿ ಬೊಲೆರೊ ಬಂತು: ಬಾಗಿಲು, ಗಾಜು, ಕಾರಿನಂಥ ಸೀಟು, ಒಳಗೆ ಅದೇ ಹಳೆಯ ಗಟ್ಟಿತನ. ಡಿಸೆಂಬರಿನಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾಯಿತು. ಮುಂದೆ ಒಂದೊಂದೇ ದಾರಿಗೆ ಡಾಮರು, ಕಡಿದಾದ ಏರಿಗೆ ಕಾಂಕ್ರೀಟು. ದಾರಿ ಸರಿಯಾದ ಮೇಲೆ ಮಾರುತಿ ಓಮ್ನಿಯೂ ಹತ್ತಿತು, ಆಟೋವೂ ಹತ್ತಿತು. ಸರ್ವಿಸ್ ಜೀಪಿನ ಸಂಪಾದನೆ ಅಲ್ಲಿಗೆ ತಗ್ಗಿತು. ನನ್ನ ಕಮಾಂಡರನ್ನು ಕೊಟ್ಟದ್ದು ಆ ಕಾಲದಲ್ಲೇ.

ಹೊಸತು ಮತ್ತು ಹಳತರ ನಡುವೆ ಗೋಡೆ ಎದ್ದದ್ದು ಇದರ ಬಳಿಕ. ಅದನ್ನು ಒಂದೇ ಗಾಡಿಯಲ್ಲಿ ನೋಡಬೇಕೆಂದರೆ 2010ರ ಥಾರ್ ನೋಡಬೇಕು. ಒಂದೇ ರೂಪ, ಎರಡು ಎಂಜಿನ್: 2523 ಸಿ.ಸಿ.ಯ ಡಿ.ಐ., 2498 ಸಿ.ಸಿ.ಯ ಸಿ.ಆರ್.ಡಿ.ಇ. ಮೊದಲನೆಯದನ್ನು ಇಚ್ಚನಂಥವರು ಸ್ಪಾನರು ಹಿಡಿದು ಬಿಚ್ಚಿ ಕಟ್ಟಬಲ್ಲರು. ಎರಡನೆಯದರಲ್ಲಿ ಡೀಸೆಲ್ ಬಿಡುವುದು ಕಂಪ್ಯೂಟರು. ದೋಷ ಹುಡುಕಲು ಸ್ಕ್ಯಾನರು ಬೇಕು, ಇಂಜೆಕ್ಟರಿನ ಕ್ರಯ ಕೇಳಿದರೆ ತಲೆ ತಿರುಗುತ್ತದೆ. ಓಡಿಸಲು ಎರಡನೆಯದೇ ಸುಖ, ಅನುಮಾನ ಬೇಡ. ಆದರೆ ಅದು ಹಳತಾದಾಗ ಹಳತೇ. ಇಂಥ ಗಾಡಿಗೆ ವರ್ಷ ನೋಡಲೇಬೇಕು; ಇಚ್ಚನ ಪಾಠ ಇಲ್ಲಿ ನಡೆಯುವುದಿಲ್ಲ.

2020ರ ಏಪ್ರಿಲಿನಿಂದ ಬಿ.ಎಸ್. 6 ನಿಯಮ. ಈ ಡೀಸೆಲ್ ಗಾಡಿಗಳ ಹೊಗೆ ಹೋಗುವ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಹಾಲಿನ ಡೈರಿಗೆ, ಸೊಸೈಟಿಗೆ ಎಂದು ದಿನಾ ಒಂದೆರಡು ಕಿಲೋಮೀಟರ್ ಮಾತ್ರ ಓಡಿಸಿ ನಿಲ್ಲಿಸಿದರೆ ಅದು ಕಟ್ಟಿಕೊಳ್ಳುತ್ತದೆ. ಹಳ್ಳಿಯಲ್ಲೇ ಇದ್ದ ಗಾಡಿ ಎಂದು ಸಂತೋಷಪಟ್ಟು ಸೆಕೆಂಡ್ ಹ್ಯಾಂಡ್ ತೆಗೆಯುವವರು ಇದನ್ನು ಕೇಳಿ ತಿಳಿಯಬೇಕು. ಅದೇ ವರ್ಷ ಅಕ್ಟೋಬರ್ 2ಕ್ಕೆ ಹೊಸ ಥಾರ್ ಬಂತು, ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಪಡೆಯಿತು. 2024ರಲ್ಲಿ ಬೊಲೆರೊ ನಿಯೋಗೆ ಸಿಕ್ಕಿದ್ದು ಒಂದೇ. ನಮ್ಮ ಹಳೆಯ ಜೀಪುಗಳನ್ನು ಪರೀಕ್ಷೆಗೆ ಇಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸದಿರುವುದೇ ಒಳ್ಳೆಯದು.

ತೆರಿಗೆ ಗಾಡಿಯ ಉದ್ದವನ್ನೂ ನಿರ್ಧರಿಸುತ್ತದೆ. ಈಗಿನ ಬೊಲೆರೊ 3995 ಮಿಲಿಮೀಟರ್, ಎಂಜಿನ್ 1493 ಸಿ.ಸಿ. ನಾಲ್ಕು ಮೀಟರಿನೊಳಗೆ, 1500 ಸಿ.ಸಿ.ಯೊಳಗೆ ಇದ್ದರೆ ತೆರಿಗೆ ಕಡಿಮೆ. ಅದಕ್ಕೇ ಅಳೆದು ಕತ್ತರಿಸಿದ್ದು. 2025ರ ಸೆಪ್ಟೆಂಬರ್ 22ರಿಂದ ಇಂಥ ಡೀಸೆಲ್ ಗಾಡಿಯ ಮೇಲಿನ ತೆರಿಗೆ ಸೆಸ್ ಸೇರಿ ಶೇ. 31 ಇದ್ದದ್ದು ಶೇ. 18ಕ್ಕೆ ಇಳಿಯಿತು. ಹೊಸತರ ಬೆಲೆ ಇಳಿದರೆ ಹಳತಿನದೂ ಇಳಿಯಬೇಕು, ಮಾರುವವರು ಮಾತ್ರ ಹಿಂದಿನ ರೇಟೇ ಹೇಳುತ್ತಾರೆ. ಇತ್ತ ಹಳೆಯದನ್ನು ಇಟ್ಟುಕೊಳ್ಳುವುದೂ ತುಟ್ಟಿಯಾಗಿದೆ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಹಾರಿತು; 2025ರಲ್ಲಿ ಇಪ್ಪತ್ತು ವರ್ಷ ಮೀರಿದ್ದಕ್ಕೆ 10,000 ಆಯಿತು.

ನನ್ನ ತೀರ್ಮಾನ ಹೀಗೆ. ಹತ್ತು ವರ್ಷ ಇಟ್ಟುಕೊಳ್ಳುವವನಾದರೆ, ಮನೆಮಂದಿಯನ್ನು ಕೂರಿಸಿಕೊಂಡು ಮಂಗಳೂರಿಗೆ ಹೋಗುವವನಾದರೆ, ಹೊಸತೇ ತೆಗೆಯಿರಿ. ತೋಟದ ಒಳಗಿನ ಕೆಲಸಕ್ಕೆ ಮಾತ್ರವಾದರೆ ಅಡಿ ಗಟ್ಟಿ ಇರುವ ಹಳೆಯ ಡಿ.ಐ. ಜೀಪು ಸಾಕು. ನಡುವಿನದು, ಎಂಟು ಹತ್ತು ವರ್ಷದ ಮಿರಿಮಿರಿ ಸ್ಕಾರ್ಪಿಯೊ, ನೋಡಲು ಚಂದ, ಸಾಕಲು ಕಷ್ಟ. ನನ್ನ ಮಗನಿಗಾದರೆ ಬೇಡ ಎನ್ನುತ್ತೇನೆ.

ಗಡಿಯ ನಮಗೆ ಒಂದು ಮಾತು ಬಾಕಿ. ಕೆ.ಎಲ್. 14ರ ಗಾಡಿ ಕಣ್ಣೆದುರೇ ಇರುತ್ತದೆ, ರೇಟೂ ಕಡಿಮೆ ಹೇಳುತ್ತಾರೆ. ಕಾಸರಗೋಡಿನಲ್ಲಿ ನೋಂದಣಿಯಾದ ಆ ಗಾಡಿಯನ್ನು ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಪುತ್ತೂರಿನ ಕೆ.ಎ. 21 ನಂಬರು ಮಾಡಿಸಲೇಬೇಕು, ಕರ್ನಾಟಕದ ತೆರಿಗೆ ಬೇರೆಯೇ ಕಟ್ಟಬೇಕು. ಆ ತೆರಿಗೆಯನ್ನು ಸೇರಿಸಿ ಕ್ರಯ ಲೆಕ್ಕ ಹಾಕಿ. ಸಾಲ ತೀರಿದ ಕಾಗದ ಮತ್ತು ಫಾರ್ಮ್ 28ರ ನಿರಾಕ್ಷೇಪಣಾ ಪತ್ರ ಕೈಗೆ ಬರುವ ತನಕ ಮುಂಗಡಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ.